ಮೈಕ್ರೊಗ್ರೀನ್ಸ್‌ಗೆ ಗೊಬ್ಬರ ಬೇಕೇ? ಬೇಕಾದರೆ ಯಾವುದು, ಎಷ್ಟು, ಯಾವಾಗ?

ಮೈಸೂರು_ಮಹಡಿತೋಟ

ಎಲ್ಲರಿಗೂ ನಮಸ್ಕಾರ. ಮನೆಯ ಬಾಲ್ಕನಿಯಲ್ಲಿ ಟ್ರೇಗಳಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಮೈಕ್ರೊಗ್ರೀನ್ಸ್, ಅಂದರೆ ಮೊಳೆತ ಕೆಲವೇ ದಿನಗಳಲ್ಲಿ ಕತ್ತರಿಸಿ ತಿನ್ನುವ ಎಳೆಯ ಸೊಪ್ಪು, ಬೆಳೆಯುತ್ತಿದ್ದೇನೆ. ಮೂಲಂಗಿ ಮತ್ತು ಸಾಸಿವೆ ಬರಿಯ ನೀರಿನಲ್ಲೇ ಸೊಂಪಾಗಿ ಬೆಳೆದು ವಾರ, ಹತ್ತು ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ತೊಂದರೆ ಇರುವುದು ಹಸಿರು ದಂಟು ಮತ್ತು ಕೊತ್ತಂಬರಿಯಲ್ಲಿ. ಎರಡೂ ಚೆನ್ನಾಗಿಯೇ ಮೊಳೆಯುತ್ತವೆ, ಆದರೆ ಎರಡನೆಯ ವಾರ ದಾಟುತ್ತಿದ್ದಂತೆ ಬಣ್ಣಗೆಟ್ಟು, ಕಾಂಡ ಸಣಕಲಾಗಿ, ಬೆಳವಣಿಗೆ ನಿಂತೇ ಹೋಗುತ್ತದೆ.

ಗೊಬ್ಬರದ ಅಂಗಡಿಯವರು 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲಿನಲ್ಲಿರುವ ರಾಸಾಯನಿಕ ಗೊಬ್ಬರ) ಸಿಂಪಡಿಸಿ ಎನ್ನುತ್ತಾರೆ. ಊರಿನ ಚಿಕ್ಕಪ್ಪ ಜೀವಾಮೃತ ಹಾಕು, ಎರಡೇ ದಿನದಲ್ಲಿ ಚೇತರಿಸಿಕೊಳ್ಳುತ್ತದೆ ಎನ್ನುತ್ತಾರೆ. ನೋಡಿದ ವಿಡಿಯೊಗಳಲ್ಲೆಲ್ಲ ಮೈಕ್ರೊಗ್ರೀನ್ಸ್‌ಗೆ ಏನೂ ಬೇಡ ಎಂದೇ ಹೇಳುತ್ತಾರೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಸಿರುಸಿರು

ಏನೂ ಬೇಡ. ಬೀಜದಲ್ಲಿಯೇ ಆಹಾರವಿರುತ್ತದೆ, ನೀರು ಮತ್ತು ಬೆಳಕು ಕೊಟ್ಟರೆ ಸಾಕು.

ಕಾಳುಕಡ್ಡಿ

ಹಸಿರುಸಿರು ಅವರೇ, ನಿಮ್ಮ ಮಾತು ಅರ್ಧ ಸರಿ. ಬೀಜದೊಳಗೆ ಬುತ್ತಿ ಇರುವುದು ನಿಜ, ಆದರೆ ಎಲ್ಲ ಬೀಜಗಳ ಬುತ್ತಿಯೂ ಒಂದೇ ಗಾತ್ರದ್ದಲ್ಲ. ಸಾವಿರ ಬಟಾಣಿ ಕಾಳುಗಳು 150 ಗ್ರಾಂಗಿಂತ ಹೆಚ್ಚು ತೂಗಿದರೆ, ಸಾವಿರ ದಂಟಿನ ಬೀಜಗಳು ಒಂದು ಗ್ರಾಂ ಕೂಡ ತೂಗುವುದಿಲ್ಲ. ಬಟಾಣಿ, ಸೂರ್ಯಕಾಂತಿ, ಹುರುಳಿಯಂಥ ದಪ್ಪ ಕಾಳುಗಳು ಬರಿಯ ನೀರಿನಲ್ಲಿ ಕೊಯ್ಲಿನವರೆಗೂ ನಡೆದುಬಿಡುತ್ತವೆ. ಮೂಲಂಗಿ ಮತ್ತು ಸಾಸಿವೆಯ ಬೀಜ ಸಣ್ಣದಾದರೂ ಅವುಗಳ ಕೊಯ್ಲು ಬೇಗ, ಬುತ್ತಿ ಮುಗಿಯುವ ಹೊತ್ತಿಗೆ ಅವು ತಟ್ಟೆಗೆ ಬಂದಿರುತ್ತವೆ.

ದಂಟು ಮತ್ತು ಕಾಮಕಸ್ತೂರಿಗೆ ಬೀಜವೂ ಚಿಕ್ಕದು, ಕಾಯುವ ದಿನಗಳೂ ಹೆಚ್ಚು. ಕೊತ್ತಂಬರಿಯ ಬೀಜ ತಕ್ಕಮಟ್ಟಿಗೆ ದಪ್ಪವಿದ್ದರೂ ಮೊಳೆಯುವುದಕ್ಕೇ ವಾರ ಹಿಡಿಯುತ್ತದೆ ಮತ್ತು ಮೊದಲ ನಿಜವಾದ ಎಲೆ ಬರುವವರೆಗೆ ಕಾಯದಿದ್ದರೆ ಅದಕ್ಕೆ ಪರಿಮಳವೇ ಇರುವುದಿಲ್ಲ. ಹೀಗಾಗಿ ಮೂರು ವಾರ ಟ್ರೇಯಲ್ಲಿ ನಿಲ್ಲುವ ಗಿಡಕ್ಕೆ ಹೊರಗಿನಿಂದ ಸ್ವಲ್ಪ ಆಹಾರ ಬೇಕೇ ಬೇಕು, ಏಕೆಂದರೆ ಮಣ್ಣಿನಲ್ಲಿ ಇರುವಂತೆ ಕೊಕೊಪೀಟ್‌ನಲ್ಲಿ ಸಾರಜನಕ ಇರುವುದಿಲ್ಲ. "ಏನೂ ಬೇಡ" ಎನ್ನುವ ವಿಡಿಯೊಗಳು ಬಹುತೇಕ ಮೂಲಂಗಿಯನ್ನೇ ಬೆಳೆದು ತೋರಿಸುತ್ತವೆ ಎಂಬುದನ್ನು ಗಮನಿಸಿ.

ಸೊಪ್ಪಿನಮನೆ_ಬೆಂಗಳೂರು

ಮೈಸೂರಿನವರೇ, ಉತ್ತರ ಹೇಳುವ ಮೊದಲು ಒಂದು ಪ್ರಶ್ನೆ. ಹಳದಿಯಾಗುವುದು ಯಾವ ಎಲೆ? ಮೊದಲು ಬಂದ ಬೀಜದಳಗಳು ಇಡಿಯಾಗಿ ಹಳದಿಯಾಗುತ್ತಿವೆಯೋ, ಅಥವಾ ಹೊಸ ಎಲೆಯಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಬಿಳಿಚಿಕೊಳ್ಳುತ್ತಿದೆಯೋ? ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಮೈಸೂರು_ಮಹಡಿತೋಟ

ಈಗಷ್ಟೇ ಹೋಗಿ ನೋಡಿ ಬಂದೆ. ದಂಟಿನಲ್ಲಿ ಕೆಳಗಿನ ಬೀಜದಳಗಳು ಇಡಿಯಾಗಿ ಹಳದಿಯಾಗಿವೆ, ಕೆಲವು ಮುಟ್ಟಿದರೆ ಉದುರುತ್ತವೆ. ಮೇಲೆ ಬಂದಿರುವ ಪುಟ್ಟ ಎಲೆ ತಿಳಿ ಹಸಿರಾಗಿದೆ, ಆದರೆ ನರಗಳ ನಡುವೆ ಬಣ್ಣದ ವ್ಯತ್ಯಾಸವೇನೂ ಕಾಣುವುದಿಲ್ಲ. ಕೊತ್ತಂಬರಿಯಲ್ಲಿಯೂ ಹೀಗೆಯೇ ಇದೆ.

ಸೊಪ್ಪಿನಮನೆ_ಬೆಂಗಳೂರು

ಹಾಗಿದ್ದರೆ ಸಾರಜನಕದ ಕೊರತೆ. ಗಿಡ ಹಳೆಯ ಎಲೆಯಲ್ಲಿದ್ದ ಸಾರಜನಕವನ್ನು ಹೀರಿ ಹೊಸ ಎಲೆಗೆ ಸಾಗಿಸುತ್ತದೆ, ಆದ್ದರಿಂದಲೇ ಕೆಳಗಿನದು ಮೊದಲು ಹಳದಿಯಾಗುತ್ತದೆ. ಕಬ್ಬಿಣಾಂಶದ ಕೊರತೆಯಾಗಿದ್ದರೆ ಹೊಸ ಎಲೆಯೇ ಮೊದಲು ಬಿಳಿಚಿಕೊಳ್ಳುತ್ತಿತ್ತು, ಏಕೆಂದರೆ ಕಬ್ಬಿಣವನ್ನು ಒಂದು ಎಲೆಯಿಂದ ಇನ್ನೊಂದಕ್ಕೆ ಸಾಗಿಸುವುದು ಗಿಡಕ್ಕೆ ಸುಲಭವಲ್ಲ.

ನಾನು ಹೋಟೆಲುಗಳಿಗೆ ಮೈಕ್ರೊಗ್ರೀನ್ಸ್ ಕೊಡುತ್ತೇನೆ, ನಮ್ಮಲ್ಲಿ ಅನುಸರಿಸುವ ಕ್ರಮವನ್ನು ಬರೆಯುತ್ತೇನೆ. ಬೀಜ ನೆನೆಸುವಾಗ, ಮೊಳೆಯುವಾಗ, ಕತ್ತಲಲ್ಲಿ ಮುಚ್ಚಿಟ್ಟಿರುವಾಗ ಬರಿಯ ನೀರು. ಮುಚ್ಚಳ ತೆಗೆದ ಮೇಲೆ ಕಾಣುವ ಹಳದಿ ಕೊರತೆಯದ್ದಲ್ಲ, ಬೆಳಕು ಬಿದ್ದ ಒಂದೆರಡು ದಿನಗಳಲ್ಲಿ ಅದು ತಾನಾಗಿಯೇ ಹಸಿರಾಗುತ್ತದೆ, ಅದನ್ನು ಕಂಡು ಗಾಬರಿಯಿಂದ ಗೊಬ್ಬರ ಸುರಿಯಬಾರದು. ಬೀಜದಳಗಳು ಪೂರ್ತಿ ಬಿಚ್ಚಿಕೊಂಡ ಮೇಲೆ ಹೈಡ್ರೊಪೋನಿಕ್ಸ್‌ಗೆಂದು (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಯುವ ಪದ್ಧತಿಗೆಂದು) ಸಿಗುವ ಎ ಮತ್ತು ಬಿ ದ್ರಾವಣಗಳನ್ನು, ಬಾಟಲಿಯ ಮೇಲೆ ಹೇಳಿದ ಪ್ರಮಾಣದ ಕಾಲು ಭಾಗದಷ್ಟು ಮಾತ್ರ ನೀರಿಗೆ ಬೆರೆಸಿ ಕೊಡುತ್ತೇವೆ. ಇಸಿ (ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ತೋರಿಸುವ ಅಳತೆ) ಮೀಟರ್ ಇದ್ದರೆ 0.8ರಿಂದ 1.2 mS/cm, ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 6.5ರ ನಡುವೆ ಇರಲಿ.

ಮೇಲಿನಿಂದ ಸಿಂಪಡಿಸಬೇಡಿ. ತೂತಿರುವ ಟ್ರೇಯನ್ನು ತೂತಿಲ್ಲದ ಟ್ರೇಯೊಳಗೆ ಕೂರಿಸಿ, ಕೆಳಗಿನ ಟ್ರೇಗೆ ಅರ್ಧ ಲೀಟರಿನಷ್ಟು ದ್ರಾವಣ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ಬಸಿದುಬಿಡಿ. ಎಲೆಯ ಮೇಲೆ ಉಪ್ಪು ಕೂರುವುದಿಲ್ಲ, ದಟ್ಟವಾಗಿ ನಿಂತ ಕಾಂಡಗಳ ಬುಡ ಒಣಗಿರುತ್ತದೆ, ಬೇರು ಕೆಳಕ್ಕೆ ಇಳಿಯುತ್ತದೆ. ಕೊಯ್ಲಿಗೆ ಎರಡು ದಿನ ಇರುವಾಗ ದ್ರಾವಣ ನಿಲ್ಲಿಸಿ ಬರಿಯ ನೀರಿಗೆ ಮರಳುತ್ತೇವೆ.

ಹಸಿರುಸಿರು

ಅಂಗಡಿಯವರು ಹೇಳಿದ 19:19:19 ಹಾಕಿದರೆ ಏನು ತಪ್ಪು? ಎ ಮತ್ತು ಬಿ ಬಾಟಲಿಗಳ ಬೆಲೆಯಲ್ಲಿ ಅದು ವರ್ಷಕ್ಕಾಗುವಷ್ಟು ಬರುತ್ತದೆ.

ಸೊಪ್ಪಿನಮನೆ_ಬೆಂಗಳೂರು

ತಪ್ಪೆಂದಲ್ಲ, ಅದರ ಮಿತಿ ತಿಳಿದಿರಬೇಕು. ಮೊದಲನೆಯದಾಗಿ, ನೀರಿನಲ್ಲಿ ಪೂರ್ತಿ ಕರಗುವ, ಡ್ರಿಪ್ಪಿಗೆ ಬಳಸುವ ಪುಡಿಯನ್ನೇ ಕೇಳಿ ಪಡೆಯಬೇಕು. ಹೊಲಕ್ಕೆ ಎರಚುವ ಹರಳು ಗೊಬ್ಬರ ಟ್ರೇಗೆ ಆಗುವುದಿಲ್ಲ. ಎರಡನೆಯದಾಗಿ, ಅದರಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇಲ್ಲ. ಮೂರನೆಯದಾಗಿ, ಅದರ ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲಿರುತ್ತದೆ. ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಬೇಗ ಬದಲಾಯಿಸಿ ಬೇರಿಗೆ ಒದಗಿಸುತ್ತವೆ, ಆದರೆ ಹೊಸ ಕೊಕೊಪೀಟ್‌ನಲ್ಲಿ ಅಂಥ ಜೀವಿಗಳು ಕಡಿಮೆ, ಎರಡು ಮೂರು ವಾರಗಳಲ್ಲಿ ಮುಗಿಯುವ ಬೆಳೆಗೆ ಕಾಯುವಷ್ಟು ಸಮಯವೂ ಇಲ್ಲ.

ಅದನ್ನೇ ಬಳಸುವುದಾದರೆ ಲೀಟರಿಗೆ ಅರ್ಧ ಗ್ರಾಂ ಮೀರಬೇಡಿ, ಮತ್ತು ಒಂದು ದಿನ ಇದನ್ನು, ಇನ್ನೊಂದು ದಿನ ಲೀಟರಿಗೆ ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟನ್ನು ಕೊಡಿ. ಎರಡನ್ನೂ ಒಂದೇ ಬಾಟಲಿಯಲ್ಲಿ ಗಟ್ಟಿಯಾಗಿ ಕಲಸಿಟ್ಟರೆ ಕ್ಯಾಲ್ಸಿಯಂ ಮತ್ತು ರಂಜಕ ಸೇರಿ ತಳದಲ್ಲಿ ಬಿಳಿ ಗಷ್ಟಾಗಿ ಕೂರುತ್ತವೆ, ಗಿಡಕ್ಕೆ ಎರಡೂ ದಕ್ಕುವುದಿಲ್ಲ. ಹೈಡ್ರೊಪೋನಿಕ್ಸ್‌ನವರು ಎ ಮತ್ತು ಬಿ ಎಂದು ಎರಡು ಬಾಟಲಿ ಮಾಡಿರುವುದು ಇದೇ ಕಾರಣಕ್ಕೆ.

ತಿಪಟೂರು_ನಾರು

ಗೊಬ್ಬರದ ಮಾತು ನಡೆಯುತ್ತಿದೆ, ಆದರೆ ಕೊಕೊಪೀಟ್ ಎಂಥದ್ದು ಎಂದು ಯಾರೂ ಕೇಳಲಿಲ್ಲ. ನಮ್ಮ ಕಡೆ ತೆಂಗಿನ ಮಟ್ಟೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯೇ ಈ ಇಟ್ಟಿಗೆಗಳಾಗುತ್ತದೆ. ತೊಳೆಯದ ಪುಡಿಯಲ್ಲಿ ಪೊಟ್ಯಾಶಿಯಂ ಮತ್ತು ಸೋಡಿಯಂ ಲವಣಗಳು ತುಂಬಿರುತ್ತವೆ. ಅಂಥ ಪುಡಿಯಲ್ಲಿ ಬೀಜ ಬಿತ್ತಿದರೆ ಬೇರಿನ ತುದಿ ಕಂದಾಗಿ ಗಿಡ ಕುಳ್ಳಾಗಿ ನಿಲ್ಲುತ್ತದೆ. ಇದನ್ನು ಕೊರತೆ ಎಂದುಕೊಂಡು ಗೊಬ್ಬರ ಹಾಕುವವರನ್ನು ನಾನು ಪದೇ ಪದೇ ನೋಡುತ್ತಿದ್ದೇನೆ. ಉಪ್ಪಿನ ಮೇಲೆ ಮತ್ತಷ್ಟು ಉಪ್ಪು ಬಿದ್ದಂತಾಗುತ್ತದೆ, ಅಷ್ಟೆ.

ಇಟ್ಟಿಗೆ ಕೊಳ್ಳುವಾಗ ತೊಳೆದದ್ದು, ಇಸಿ ಕಡಿಮೆ ಇರುವುದು ಎಂದು ಕೇಳಿ ಕೊಳ್ಳಿ. ಮನೆಗೆ ತಂದ ಮೇಲೆ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಆ ಕಂದು ನೀರನ್ನು ಚೆಲ್ಲಿ, ನೀರು ತಿಳಿಯಾಗುವವರೆಗೆ ಇದನ್ನೇ ಮಾಡಿ. ಕೊನೆಯ ಸಲ ಕ್ಯಾಲ್ಸಿಯಂ ನೈಟ್ರೇಟಿನ ತೆಳು ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿ ಬಸಿದರೆ ಇನ್ನೂ ಒಳ್ಳೆಯದು. ನಾರಿನ ಪುಡಿಗೆ ಅಂಟಿಕೊಂಡಿರುವ ಸೋಡಿಯಂ ಮತ್ತು ಪೊಟ್ಯಾಶಿಯಂ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರುತ್ತದೆ. ಹಾಗೆ ಮಾಡದಿದ್ದರೆ ನೀವು ಮುಂದೆ ಕೊಡುವ ಕ್ಯಾಲ್ಸಿಯಮ್ಮನ್ನು ಪುಡಿಯೇ ಹಿಡಿದಿಟ್ಟುಕೊಳ್ಳುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಅರ್ಕಾ ಹುದುಗಿಸಿದ ಕೊಕೊಪೀಟ್ ಕೂಡ ಇದೆ, ಸಿಕ್ಕರೆ ಪ್ರಯತ್ನಿಸಿ.

ಹಾವೇರಿ_ಸಹಜಕೃಷಿ

ಇಷ್ಟೊಂದು ರಾಸಾಯನಿಕದ ಲೆಕ್ಕ ಯಾಕೆ ಬೇಕು? ಮನೆಯಲ್ಲಿ ಬೆಳೆದು ತಿನ್ನುವುದೇ ವಿಷವಿಲ್ಲದ ಸೊಪ್ಪು ಬೇಕೆಂದು. ಹತ್ತು ಕಿಲೊ ಸಗಣಿ, ಐದರಿಂದ ಹತ್ತು ಲೀಟರ್ ಗಂಜಲ, ಎರಡು ಕಿಲೊ ಬೆಲ್ಲ, ಎರಡು ಕಿಲೊ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು, ಇನ್ನೂರು ಲೀಟರ್ ನೀರು. ಈ ಜೀವಾಮೃತದಲ್ಲಿ ನಮ್ಮ ಹೊಲದ ಮೆಣಸಿನಕಾಯಿಯೂ ಬರುತ್ತದೆ, ಹಿತ್ತಲಿನ ಸೊಪ್ಪೂ ಬರುತ್ತದೆ. ಮೈಸೂರಿನವರ ಚಿಕ್ಕಪ್ಪ ಹೇಳಿದ್ದು ಸರಿಯಾಗಿಯೇ ಇದೆ. ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಕೊಡಿ.

ಸೂಕ್ಷ್ಮದರ್ಶಕ

ಹಾವೇರಿಯವರೇ, ಹೊಲದಲ್ಲಿ ಜೀವಾಮೃತ ಬಳಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹತ್ತು ದಿನಗಳಲ್ಲಿ ಕತ್ತರಿಸಿ ಹಸಿಯಾಗಿಯೇ ತಿನ್ನುವ ಸೊಪ್ಪಿಗೆ ಅದನ್ನು ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಸಿ ಸಗಣಿಯಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳು ಇರಬಹುದು. ಬೆಲ್ಲ ಮತ್ತು ಹಿಟ್ಟು ಹಾಕಿ ಹುದುಗಿಸಿದಾಗ ಒಳ್ಳೆಯ ಜೀವಿಗಳು ಮಾತ್ರ ಹೆಚ್ಚಿ ಕೆಟ್ಟವು ಸಾಯುತ್ತವೆ ಎಂಬುದಕ್ಕೆ ಖಾತರಿಯಿಲ್ಲ.

ಅಮೆರಿಕದ ಸಾವಯವ ಪ್ರಮಾಣೀಕರಣದ ನಿಯಮದ ಪ್ರಕಾರ, ಕಾಂಪೋಸ್ಟ್ ಆಗದ ಹಸಿ ಗೊಬ್ಬರವನ್ನು ಭೂಮಿಗೆ ಸೇರಿಸಿದ ಮೇಲೆ, ಮಣ್ಣಿಗೆ ತಾಗುವ ಭಾಗವನ್ನು ತಿನ್ನುವಂಥ ಬೆಳೆಯಾದರೆ ಕೊಯ್ಲಿಗೆ 120 ದಿನಗಳ ಅಂತರ ಬೇಕು, ಮಣ್ಣಿಗೆ ತಾಗದ ಬೆಳೆಗೆ 90 ದಿನ. ಇದು ರಾಸಾಯನಿಕ ಕೃಷಿಯವರು ಮಾಡಿಕೊಂಡ ನಿಯಮವಲ್ಲ, ಸಾವಯವದವರಿಗೇ ಇರುವ ನಿಯಮ. ಮೈಕ್ರೊಗ್ರೀನ್ಸ್‌ನ ಇಡೀ ಆಯಸ್ಸು ಅದರ ಹತ್ತನೆಯ ಒಂದು ಭಾಗ. ಪಂಚಗವ್ಯಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಹ್ಯಾಂಬರ್ಗ್_ಕನ್ನಡಿಗ

ಸೂಕ್ಷ್ಮದರ್ಶಕ ಅವರ ಮಾತಿಗೆ ಒಂದು ಅನುಭವ ಸೇರಿಸುತ್ತೇನೆ. 2011ರ ಮೇ ತಿಂಗಳಲ್ಲಿ ನಾನು ಇಲ್ಲಿಯೇ ಇದ್ದೆ. ಇ. ಕೋಲಿಯ ಒಂದು ಅಪಾಯಕಾರಿ ಬಗೆ ಉತ್ತರ ಜರ್ಮನಿಯಲ್ಲಿ ಹರಡಿ, ಐವತ್ತಕ್ಕಿಂತ ಹೆಚ್ಚು ಜನ ತೀರಿಕೊಂಡರು, ಸಾವಿರಾರು ಜನ ಹಾಸಿಗೆ ಹಿಡಿದರು, ನೂರಾರು ಜನರ ಮೂತ್ರಪಿಂಡಗಳಿಗೆ ಹಾನಿಯಾಯಿತು. ಮೊದಲು ಸೌತೆಕಾಯಿಯ ಮೇಲೆ ಗುಮಾನಿ ಬಂತು. ಹಸಿ ಸೌತೆ, ಟೊಮೆಟೊ, ಲೆಟಿಸ್ ತಿನ್ನಬೇಡಿ ಎಂದು ಸರ್ಕಾರವೇ ಹೇಳಿದ್ದರಿಂದ ಅಂಗಡಿಗಳಲ್ಲಿ ತರಕಾರಿಯ ರಾಶಿ ಹಾಗೇ ಉಳಿಯುತ್ತಿತ್ತು. ಕೊನೆಗೆ ತಿಳಿದುಬಂದದ್ದು ಮೊಳಕೆ ಕಾಳಿನಿಂದ ಎಂದು, ಅದರಲ್ಲೂ ಈಜಿಪ್ಟಿನಿಂದ ಬಂದ ಮೆಂತ್ಯದ ಬೀಜದ ಮೇಲೆಯೇ ತನಿಖೆಯ ಬೆರಳು ನಿಂತಿತು. ಮೆಂತ್ಯ ಎಂದರೆ ನಮ್ಮೆಲ್ಲರ ಅಡುಗೆಮನೆಯ ವಸ್ತು, ಆದ್ದರಿಂದ ಆ ಸುದ್ದಿ ನಮ್ಮ ಮನೆಯಲ್ಲಿ ಬಹಳ ಕಾಲ ಮಾತಿಗೆ ವಸ್ತುವಾಗಿತ್ತು.

ಕಾಳುಕಡ್ಡಿ

ಇಲ್ಲಿ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಮೊಳಕೆ ಕಾಳನ್ನು ಮುಚ್ಚಿದ ಪಾತ್ರೆಯಲ್ಲಿ, ಬೆಚ್ಚಗೆ, ಒದ್ದೆಯಾಗಿಟ್ಟು, ಬೇರು ಮತ್ತು ಬೀಜದ ಸಮೇತ ತಿನ್ನುತ್ತೇವೆ. ಮೈಕ್ರೊಗ್ರೀನ್ಸ್ ಗಾಳಿ ಬೆಳಕಿನಲ್ಲಿ ಬೆಳೆಯುತ್ತದೆ, ಬುಡದ ಮೇಲೆ ಕತ್ತರಿಸಿ ಕಾಂಡ ಮತ್ತು ಎಲೆ ಮಾತ್ರ ತಿನ್ನುತ್ತೇವೆ. ಅಪಾಯ ಇದರಲ್ಲಿ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ.

ಹಾವೇರಿ_ಸಹಜಕೃಷಿ

ಎಲ್ಲರ ಮಾತನ್ನೂ ಓದಿದೆ. ಆದರೆ ಹೊಲದ ಕೊತ್ತಂಬರಿಯನ್ನೂ ನಲವತ್ತು ದಿನಕ್ಕೇ ಕಿತ್ತು ಹಸಿಯಾಗಿ ಚಟ್ನಿಗೆ ಹಾಕುತ್ತೇವಲ್ಲ? ಅದಕ್ಕೂ ತಿಪ್ಪೆ ಗೊಬ್ಬರವೇ ಬಿದ್ದಿರುತ್ತದೆ. ಅಲ್ಲಿ ಇಲ್ಲದ ಭಯ ಬಾಲ್ಕನಿಯಲ್ಲಿ ಮಾತ್ರ ಎಲ್ಲಿಂದ ಬಂತು? ಇನ್ನೊಂದು ಮಾತು. ಇಷ್ಟು ಎಳೆಯ ಎಲೆಗೆ ನೈಟ್ರೇಟ್ ಕುಡಿಸಿದರೆ ಅದು ಎಲೆಯಲ್ಲಿಯೇ ಉಳಿದು ನಮ್ಮ ಹೊಟ್ಟೆಗೆ ಬರುವುದಿಲ್ಲವೇ? ಅದರ ಬಗ್ಗೆ ಯಾರೂ ಯಾಕೆ ಮಾತಾಡುವುದಿಲ್ಲ?

ಸೂಕ್ಷ್ಮದರ್ಶಕ

ಎರಡೂ ಕೇಳಬೇಕಾದ ಪ್ರಶ್ನೆಗಳೇ. ಹೊಲದ ತಿಪ್ಪೆ ಗೊಬ್ಬರ ತಿಂಗಳುಗಟ್ಟಲೆ ಕಳಿತಿರುತ್ತದೆ, ಚೆನ್ನಾಗಿ ಕಳಿಯುವಾಗ ಅದರ ಒಡಲು ಕಾದು ರೋಗಾಣುಗಳು ಬಹುಪಾಲು ಸಾಯುತ್ತವೆ. ಬಿತ್ತುವ ಮೊದಲೇ ಮಣ್ಣಿಗೆ ಸೇರಿ, ಮೇಲೆ ಬಿಸಿಲು ಬಿದ್ದಿರುತ್ತದೆ. ಕೊತ್ತಂಬರಿಯನ್ನು ಬಿಡಿಬಿಡಿಯಾಗಿ ಬಿಡಿಸಿ ಎರಡು ಮೂರು ನೀರಿನಲ್ಲಿ ತೊಳೆಯುತ್ತೇವೆ. ಜೀವಾಮೃತವನ್ನಾದರೋ ವಾರ ಕಳೆಯುವ ಮುನ್ನವೇ ಬಳಸುತ್ತಾರೆ, ಮತ್ತು ದಟ್ಟವಾಗಿ ಬೆಳೆದ ಟ್ರೇಯಲ್ಲಿ ಒಮ್ಮೆ ಎಲೆಗೆ ತಾಗಿದ್ದನ್ನು ತೊಳೆದು ಪೂರ್ತಿ ತೆಗೆಯುವುದು ಕಷ್ಟ. ಹೊಲದ ಸೊಪ್ಪಿಗೆ ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಅಲ್ಲಿಯೂ ಹಸಿ ಸಗಣಿ ನೀರನ್ನು ಎಲೆಯ ಮೇಲೆ ಎರಚಬಾರದು.

ನೈಟ್ರೇಟಿನ ವಿಷಯದಲ್ಲಿ ನಿಮ್ಮ ಆತಂಕಕ್ಕೆ ಆಧಾರವಿದೆ. ಆದರೆ ಅದು ಚೀಲದ ಗೊಬ್ಬರದಿಂದ ಮಾತ್ರ ಬರುವುದಿಲ್ಲ, ಎರೆಗೊಬ್ಬರದ ಸಾರಜನಕವನ್ನೂ ಬೇರು ಹೆಚ್ಚಾಗಿ ನೈಟ್ರೇಟ್ ರೂಪದಲ್ಲಿಯೇ ಹೀರುವುದು. ಎಲೆಯಲ್ಲಿ ಅದು ಶೇಖರವಾಗುವುದು ಬೆಳಕು ಸಾಲದಿದ್ದಾಗ, ಏಕೆಂದರೆ ನೈಟ್ರೇಟನ್ನು ಪ್ರೋಟೀನಾಗಿ ಮಾಡಿಕೊಳ್ಳಲು ಗಿಡಕ್ಕೆ ಬೆಳಕಿನ ಶಕ್ತಿ ಬೇಕು. ಮಂಕು ಬೆಳಕಿನಲ್ಲಿ ಗೊಬ್ಬರ ಹೆಚ್ಚಿಸುವುದು ಯಾವ ಪದ್ಧತಿಯಲ್ಲಿಯೂ ಸರಿಯಲ್ಲ. ಸೊಪ್ಪಿನಮನೆಯವರು ಹೇಳಿದ, ಕೊನೆಯ ಎರಡು ದಿನ ಬರಿಯ ನೀರು ಎಂಬ ಕ್ರಮ ಇದಕ್ಕೇ ಉಪಯುಕ್ತ.

ಹಾವೇರಿ_ಸಹಜಕೃಷಿ

ಚೀಲದ ಗೊಬ್ಬರವನ್ನು ನಾನಂತೂ ಮನೆಯ ಸೊಪ್ಪಿಗೆ ಹಾಕುವುದಿಲ್ಲ, ಆ ವಿಷಯದಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಆದರೆ ಜೀವಾಮೃತದ ಬಗ್ಗೆ ನೀವು ಹೇಳಿದ 120 ದಿನದ ಮಾತು ಯೋಚಿಸುವಂಥದ್ದು. ಹಾಗಾದರೆ ಎರೆಹುಳು ಗೊಬ್ಬರ ಹಾಕಬಹುದೇ?

ಕಾಳುಕಡ್ಡಿ

ಧಾರಾಳವಾಗಿ ಹಾಕಬಹುದು, ಆದರೆ ಅದು ಚೆನ್ನಾಗಿ ಮಾಗಿರಬೇಕು. ಕೈಯಲ್ಲಿ ಹಿಡಿದರೆ ಚಹಾ ಪುಡಿಯಂತೆ ಉದುರುದುರಾಗಿರಬೇಕು, ಸಗಣಿಯ ವಾಸನೆ ಸ್ವಲ್ಪವೂ ಇರಬಾರದು, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಸಗಣಿಯನ್ನು ಮೊದಲು ಕಾವೇರುವಂತೆ ಕಾಂಪೋಸ್ಟ್ ಮಾಡಿ, ಆಮೇಲೆ ಹುಳುಗಳಿಗೆ ಬಿಟ್ಟದ್ದಾದರೆ ಉತ್ತಮ. ಒಂಬತ್ತು ಪಾಲು ತೊಳೆದ ಕೊಕೊಪೀಟಿಗೆ ಒಂದು ಪಾಲು, ಹೆಚ್ಚೆಂದರೆ ಎರಡು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸಿ, ಟ್ರೇಯ ತಳಕ್ಕೆ ಹಾಕಿ, ಅದರ ಮೇಲೆ ಒಂದು ಸೆಂಟಿಮೀಟರಿನಷ್ಟು ಬರಿಯ ಕೊಕೊಪೀಟ್ ಹರಡಿ ಬೀಜ ಬಿತ್ತಿ. ಬೇರು ಇಳಿದು ಆಹಾರ ಹುಡುಕಿಕೊಳ್ಳುತ್ತದೆ, ಎಲೆಗೆ ಗೊಬ್ಬರ ಸಿಡಿಯುವುದಿಲ್ಲ. ದಂಟಿಗೆ ಇಷ್ಟೇ ಸಾಕಾಗುತ್ತದೆ, ಆಮೇಲೆ ಬೇರೇನೂ ಬೇಡ. ಎರೆಜಲವನ್ನು ಮಾತ್ರ ಮೇಲಿನಿಂದ ಸಿಂಪಡಿಸಬೇಡಿ.

ಕೋಲಾರ_ಕೊಳವೆಬಾವಿ

ನೀರನ್ನು ಮರೆಯಬೇಡಿ. ನಮ್ಮ ಕೊಳವೆಬಾವಿಯ ನೀರು ಎಷ್ಟು ಗಡಸು ಎಂದರೆ ಪಾತ್ರೆಯಲ್ಲಿ ಆರಿದರೆ ಬಿಳಿ ಪೊರೆ ಕಟ್ಟುತ್ತದೆ. ಇಂಥ ನೀರಿನ ಇಸಿ ಗೊಬ್ಬರ ಹಾಕುವ ಮೊದಲೇ 1ರ ಮೇಲಿರುತ್ತದೆ, ಪಿಎಚ್ 8ರ ಹತ್ತಿರ. ಹೊಸ ಎಲೆ ನರಗಳ ನಡುವೆ ಬಿಳಿಚಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ, ಕಬ್ಬಿಣ ಇದ್ದರೂ ಆ ಪಿಎಚ್‌ನಲ್ಲಿ ಬೇರಿಗೆ ದಕ್ಕುವುದಿಲ್ಲ. ಗೊಬ್ಬರ ಹೆಚ್ಚಿಸಿದರೆ ರೋಗ ಇನ್ನೂ ಉಲ್ಬಣವಾಗುತ್ತದೆ. ನಾನು ಮಳೆನೀರು ಹಿಡಿದಿಟ್ಟು ಅರ್ಧಕ್ಕರ್ಧ ಬೆರೆಸಿ, ಚಿಟಿಕೆ ಸಿಟ್ರಿಕ್ ಆಮ್ಲ ಹಾಕಿ ಪಿಎಚ್ 6ಕ್ಕೆ ಇಳಿಸಿಕೊಳ್ಳುತ್ತೇನೆ. ಮನೆಯ ಆರ್‌ಒ ನೀರನ್ನೇ ಬಳಸುವವರಿಗೆ ಇದರ ತಿರುವುಮುರುವು ತೊಂದರೆ, ಆ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಉಳಿದಿರುವುದೇ ಇಲ್ಲ.

ಅಜ್ಜಿಮನೆ_ಹಿತ್ತಲು

ನಾವು ಎಲ್ಲ ಗಿಡಗಳಿಗೂ ಅಕ್ಕಿ ತೊಳೆದ ನೀರು ಮತ್ತು ಹುಳಿ ಮಜ್ಜಿಗೆ ಹಾಕುತ್ತೇವೆ. ಇದಕ್ಕೂ ಹಾಕಬಹುದೇ?

ಸಾಗರ_ಮಳೆನಾಡು

ಅಮ್ಮಾ, ಕರಿಬೇವಿನ ಗಿಡಕ್ಕೆ ಹಾಕಿ, ಅದಕ್ಕೆ ಬಹಳ ಹಿಡಿಸುತ್ತದೆ. ಈ ಟ್ರೇಗಳಿಗೆ ಬೇಡ. ಅಕ್ಕಿ ನೀರಿನ ಗಂಜಿಯಂಶ ಸಸಿಗಿಂತ ಮೊದಲು ಬೂಷ್ಟಿಗೆ ಆಹಾರವಾಗುತ್ತದೆ.

ನಮ್ಮ ಕಡೆ ಮಳೆಗಾಲದಲ್ಲಿ ಕೊರತೆಗಿಂತ ಅತಿಯಾದ ಉಪಚಾರದಿಂದ ಹಾಳಾಗುವ ಟ್ರೇಗಳೇ ಹೆಚ್ಚು. ವಾರಗಟ್ಟಲೆ ಬಿಸಿಲಿಲ್ಲದಿರುವಾಗ ಸಾರಜನಕ ಕೊಟ್ಟರೆ ಕಾಂಡ ನೀರುನೀರಾಗಿ ಉದ್ದಕ್ಕೆ ಬೆಳೆಯುತ್ತದೆ, ಬೀಜವನ್ನು ಒತ್ತೊತ್ತಾಗಿ ಬಿತ್ತಿದ್ದರೆ ನಡುವೆ ಗಾಳಿಯಾಡುವುದಿಲ್ಲ, ಒಂದು ಬೆಳಿಗ್ಗೆ ನೋಡಿದರೆ ಟ್ರೇಯ ನಡುಭಾಗ ಬುಡ ಕೊಳೆತು ಮಲಗಿರುತ್ತದೆ. ಪೈಥಿಯಂ, ರೈಜೊಕ್ಟೋನಿಯಾದಂಥ ರೋಗಾಣುಗಳ ಕೆಲಸ ಅದು, ಮತ್ತು ಕೊಳೆತ ವಾಸನೆ ಬಂದ ಟ್ರೇಯನ್ನು ಉಳಿಸಲು ಹೋಗದೆ ಇಡಿಯಾಗಿ ಕಾಂಪೋಸ್ಟ್ ಗುಂಡಿಗೆ ಹಾಕುವುದೇ ಲೇಸು. ಆದರೆ ಮೂರನೆಯ ದಿನ ಬೇರಿನ ಸುತ್ತ ಕಾಣುವ ಬಿಳಿ ನವಿರನ್ನು ಬೂಷ್ಟು ಎಂದು ತಿಳಿದು ಎಸೆಯಬೇಡಿ. ನೀರು ಚಿಮುಕಿಸಿ ನೋಡಿ, ಬೇರುರೋಮವಾದರೆ ಅಂಟಿಕೊಂಡು ಮಾಯವಾಗುತ್ತದೆ, ಬೂಷ್ಟಾದರೆ ಜೇಡರ ಬಲೆಯಂತೆ ಬೀಜದಿಂದ ಬೀಜಕ್ಕೆ ಹಾಗೆಯೇ ಉಳಿಯುತ್ತದೆ. ಮೋಡ ಕವಿದ ದಿನಗಳಲ್ಲಿ ನಾನು ದ್ರಾವಣ ನಿಲ್ಲಿಸಿ ಪುಟ್ಟ ಫ್ಯಾನ್ ಹಾಕುತ್ತೇನೆ.

ಮೈಸೂರು_ಮಹಡಿತೋಟ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ನೀವು ಹೇಳಿದಂತೆ ಹೊಸ ಕೊಕೊಪೀಟ್ ತೊಳೆದು, ದಂಟನ್ನು ಅಕ್ಕಪಕ್ಕದ ಮೂರು ಟ್ರೇಗಳಲ್ಲಿ ಬಿತ್ತಿದೆ. ಒಂದಕ್ಕೆ ಬರಿಯ ನೀರು, ಒಂದಕ್ಕೆ ತಳದಲ್ಲಿ ಎರೆಗೊಬ್ಬರ, ಒಂದಕ್ಕೆ ಬೀಜದಳ ಬಿಚ್ಚಿದ ಮೇಲೆ ಕಾಲು ಪ್ರಮಾಣದ ದ್ರಾವಣ. ಬರಿಯ ನೀರಿನದು ಈ ಸಲವೂ ಬಿಳಿಚಿಕೊಂಡಿತು, ಆದರೂ ಹಿಂದಿನಷ್ಟು ಕುಳ್ಳಾಗಲಿಲ್ಲ, ತೊಳೆದದ್ದರ ಗುಣವಿರಬೇಕು. ಉಳಿದೆರಡರಲ್ಲಿ ಬೀಜದಳಗಳು ಕೊಯ್ಲಿನವರೆಗೂ ಹಸಿರಾಗಿದ್ದವು. ದ್ರಾವಣದ್ದು ಸ್ವಲ್ಪ ಮುಂಚೆ ಎತ್ತರಕ್ಕೆ ಬಂತು, ಎರೆಗೊಬ್ಬರದ್ದು ನಿಧಾನವಾಗಿ ಬಂದರೂ ಕಾಂಡ ಗಟ್ಟಿಯಾಗಿತ್ತು. ಚಿಕ್ಕಪ್ಪನಿಗೆ ಜೀವಾಮೃತದ ವಿಷಯ ವಿವರಿಸಿದೆ, ಅವರು ಅದನ್ನು ಬಾಳೆಗೇ ಇಟ್ಟುಕೊಳ್ಳುತ್ತಾರಂತೆ.

ಒಂದು ಸಂದೇಹ ಉಳಿದಿದೆ. ಟ್ರೇಯಿಂದ ಬಸಿದ ದ್ರಾವಣವನ್ನು ಮುಂದಿನ ಟ್ರೇಗೆ ಬಳಸಬಹುದೇ? ಚೆಲ್ಲಲು ಮನಸ್ಸು ಬರುವುದಿಲ್ಲ.

ಸೊಪ್ಪಿನಮನೆ_ಬೆಂಗಳೂರು

ಮುಂದಿನ ಟ್ರೇಗೆ ಬೇಡ. ಒಂದು ಟ್ರೇಯಲ್ಲಿ ಬುಡಕೊಳೆ ಶುರುವಾಗಿದ್ದರೆ ಅದು ಆ ನೀರಿನಲ್ಲಿಯೇ ಎಲ್ಲ ಟ್ರೇಗಳಿಗೂ ಹರಡುತ್ತದೆ. ಕುಂಡದ ದಾಸವಾಳಕ್ಕೋ ಗುಲಾಬಿಗೋ ಹಾಕಿಬಿಡಿ. ಇನ್ನು ಮೇಲೆ ಅರ್ಧ ಲೀಟರಿನ ಬದಲು ಮುನ್ನೂರು ಮಿಲಿಲೀಟರ್ ಹಾಕಿ ನೋಡಿ, ಹದಿನೈದು ನಿಮಿಷಗಳಲ್ಲಿ ಟ್ರೇ ಅದನ್ನು ಪೂರ್ತಿ ಹೀರಿಕೊಂಡರೆ ಬಸಿಯುವುದಕ್ಕೆ ಏನೂ ಉಳಿಯುವುದಿಲ್ಲ. ಕೊತ್ತಂಬರಿಯ ಟ್ರೇ ಏನಾಯಿತೆಂದು ಬರೆಯಿರಿ, ಕಾಳನ್ನು ಎರಡು ಹೋಳು ಮಾಡಿಯೇ ಬಿತ್ತಿದ್ದೀರಿ ತಾನೇ?